ಅಮ್ಮನ ಮೊಣಕಾಲು ನೋಡಿಕೊಂಡು ಇಟಲಿ: ರೋಮ್, ಫ್ಲಾರೆನ್ಸ್, ವೆನಿಸ್‌ಗೆ ಹತ್ತು ರಾತ್ರಿ

ನಾವು ಹೋಗಿದ್ದು ನಾಲ್ಕು ಜನ. ನಾನು, ಹೆಂಡತಿ, 7 ವರ್ಷದ ಮಗ, 71 ವರ್ಷದ ಅಮ್ಮ. ಹೊರಡುವ ಮುಂಚೆ ಸ್ನೇಹಿತರೊಬ್ಬರು ತಮ್ಮ ಪಟ್ಟಿ ಕಳಿಸಿದ್ದರು: ಎಂಟು ದಿನ, ಏಳು ಊರು. ಅದರಲ್ಲಿ ಎಲ್ಲವೂ ಇತ್ತು, ಮೆಟ್ಟಿಲಿನ ಲೆಕ್ಕ ಮಾತ್ರ ಇರಲಿಲ್ಲ. ರೋಮ್‌ನೊಳಗಿನ ವ್ಯಾಟಿಕನ್‌ನಲ್ಲಿರುವ ಸೇಂಟ್ ಪೀಟರ್ಸ್ ಚರ್ಚಿನ ಗುಮ್ಮಟದ ತುದಿಗೆ 551 ಮೆಟ್ಟಿಲು. ಫ್ಲಾರೆನ್ಸ್‌ನ ದೊಡ್ಡ ಗುಮ್ಮಟಕ್ಕೆ 463. ವೆನಿಸ್‌ನಲ್ಲಿ 400ಕ್ಕೂ ಹೆಚ್ಚು ಸೇತುವೆಗಳು, ಹೆಚ್ಚಿನವಕ್ಕೆ ಹತ್ತಿ ಇಳಿಯುವ ಮೆಟ್ಟಿಲು. ಮಿಕ್ಕಿದ್ದೆಲ್ಲ ಉಬ್ಬುತಗ್ಗಿನ ಕಲ್ಲು ಹಾಸಿದ ಬೀದಿ.

ಹಾಗಾಗಿ ನನ್ನ ಮೊದಲ ಸಲಹೆ ಇಷ್ಟೇ. ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರು ನೋಡಿ, ಅವರ ಲೆಕ್ಕದಲ್ಲಿ ಪ್ರವಾಸ ಹಾಕಿ. ನಮ್ಮಲ್ಲಿ ಅದು ಅಮ್ಮ. ನಿಮ್ಮಲ್ಲಿ ಮೂರು ವರ್ಷದ ಮಗು ಇರಬಹುದು, ಬೆನ್ನುನೋವಿನ ಮಾವ ಇರಬಹುದು.

ಮೊದಲು ತಿಂಗಳು, ಆಮೇಲೆ ವಾರ

ಜುಲೈ, ಆಗಸ್ಟ್ ಬೇಡ. ಬಿಸಿಲು ಸಿಕ್ಕಾಪಟ್ಟೆ, ಜನವೂ ಸಿಕ್ಕಾಪಟ್ಟೆ. ಆಗಸ್ಟ್ 15ರ ಆಸುಪಾಸು ಅಲ್ಲಿಯವರೇ ಅಂಗಡಿ ಮುಚ್ಚಿ ಸಮುದ್ರದ ಕಡೆ ಹೊರಟುಬಿಡುತ್ತಾರೆ. ನಮ್ಮ ಶಾಲೆಗಳ ರಜೆಗೆ ಹೊಂದುವುದು ಎರಡೇ ಸಮಯ, ಏಪ್ರಿಲ್-ಮೇ ಅಥವಾ ದಸರಾ. ಏಪ್ರಿಲ್‌ನಲ್ಲಿ ಈಸ್ಟರ್ ಬಂದರೆ ರೋಮ್ ತುಂಬಿ ತುಳುಕುತ್ತದೆ. ನನ್ನನ್ನು ಕೇಳಿದರೆ ದಸರಾ ರಜೆಯೇ ವಾಸಿ. ಹಗಲು ಹಿತವಾಗಿರುತ್ತದೆ, ಸಂಜೆ ಒಂದು ಸ್ವೆಟರ್ ಸಾಕು. ಅಕ್ಟೋಬರ್ ದಾಟಿದರೆ ಮಳೆ ಜಾಸ್ತಿ, ವೆನಿಸ್‌ನಲ್ಲಿ ನೀರು ಉಕ್ಕುವ ಕಾಲವೂ ಶುರುವಾಗುತ್ತದೆ.

ಇನ್ನು ವಾರದ ಲೆಕ್ಕ. ಇದನ್ನು ತುಂಬಾ ಜನ ಮರೆಯುತ್ತಾರೆ. ವ್ಯಾಟಿಕನ್ ಮ್ಯೂಸಿಯಂ ಭಾನುವಾರ ಮುಚ್ಚಿರುತ್ತದೆ (ತಿಂಗಳ ಕೊನೆಯ ಭಾನುವಾರ ಉಚಿತ, ಆದರೆ ಆ ಸಾಲು ನೋಡಿದರೆ ದುಡ್ಡು ಕೊಟ್ಟೇ ಹೋಗೋಣ ಅನಿಸುತ್ತದೆ). ಫ್ಲಾರೆನ್ಸ್‌ನ ಉಫಿತ್ಸಿ ಮತ್ತು ಅಕಾದೆಮಿಯಾ ಮ್ಯೂಸಿಯಂಗಳು ಸೋಮವಾರ ಮುಚ್ಚಿರುತ್ತವೆ. ಬುಧವಾರ ಬೆಳಿಗ್ಗೆ ಪೋಪ್ ಅವರ ದರ್ಶನ ಇದ್ದರೆ ಸೇಂಟ್ ಪೀಟರ್ಸ್ ಒಳಗೆ ಹೋಗಲು ಮಧ್ಯಾಹ್ನದವರೆಗೆ ಕಾಯಬೇಕು. ಈ ಮೂರನ್ನೂ ತಪ್ಪಿಸಲು ನಾವು ಹೀಗೆ ಹಾಕಿದೆವು:

ಬುಧವಾರ ರೋಮ್‌ನಲ್ಲಿ ಇಳಿದು ನಾಲ್ಕು ರಾತ್ರಿ. ಭಾನುವಾರ ರೈಲಿನಲ್ಲಿ ಫ್ಲಾರೆನ್ಸ್, ಅಲ್ಲಿ ಮೂರು ರಾತ್ರಿ. ಸೋಮವಾರ ಮ್ಯೂಸಿಯಂ ಇಲ್ಲವಲ್ಲ, ಅವತ್ತು ಪೀಸಾ. ಮಂಗಳವಾರ ಮ್ಯೂಸಿಯಂ. ಬುಧವಾರ ವೆನಿಸ್, ಮೂರು ರಾತ್ರಿ. ಶನಿವಾರ ಅಲ್ಲಿಂದಲೇ ವಿಮಾನ.

ರೋಮ್‌ಗೆ ಇಳಿದು ವೆನಿಸ್‌ನಿಂದ ಹತ್ತುವ ಟಿಕೆಟ್ಟನ್ನು ಒಟ್ಟಿಗೇ ತೆಗೆಯಬಹುದು. ಬುಕ್ ಮಾಡುವಾಗ 'ಮಲ್ಟಿ ಸಿಟಿ' ಎಂದು ಹುಡುಕಿ. ಹೋಗಿ ಬರುವ ಟಿಕೆಟ್‌ಗಿಂತ ಸ್ವಲ್ಪ ಜಾಸ್ತಿ ಆದರೂ ವೆನಿಸ್‌ನಿಂದ ರೋಮ್‌ಗೆ ವಾಪಸ್ ಬರುವ ನಾಲ್ಕು ಗಂಟೆ ರೈಲು, ಅದರ ಖರ್ಚು, ಒಂದು ರಾತ್ರಿಯ ಹೋಟೆಲು ಉಳಿಯುತ್ತದೆ.

ವೀಸಾ

ಬೇಕಿರುವುದು ಷೆಂಗೆನ್ ವೀಸಾ, ಯುರೋಪಿನ ಬಹಳಷ್ಟು ದೇಶಗಳಿಗೆ ಸೇರಿ ಒಂದೇ ವೀಸಾ. ಹೊರಡುವ 6 ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡ ಮಾಡುವಂತಿಲ್ಲ. ರಜೆಯ ಕಾಲದಲ್ಲಿ ಬೆರಳಚ್ಚು ಕೊಡುವ ಸ್ಲಾಟ್ ಸಿಗುವುದೇ ಕಷ್ಟ, ಮೂರು ತಿಂಗಳು ಮುಂಚೆಯೇ ಕೈಹಾಕಿ. ದೊಡ್ಡವರಿಗೆ 90 ಯೂರೋ, 6 ತುಂಬಿ 12 ಆಗದ ಮಕ್ಕಳಿಗೆ 45, ಅದಕ್ಕೂ ಚಿಕ್ಕವರಿಗೆ ಇಲ್ಲ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ಚಿಕಿತ್ಸಾ ವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ. 70 ದಾಟಿದವರಿಗೆ ವಿಮೆ ದುಬಾರಿ, ಬಜೆಟ್‌ನಲ್ಲಿ ಸೇರಿಸಿಕೊಳ್ಳಿ. ಪಾಸ್‌ಪೋರ್ಟ್ ಅವಧಿ ವಾಪಸ್ ಬರುವ ದಿನದಿಂದಾಚೆಗೂ ಮೂರು ತಿಂಗಳು ಇರಬೇಕು. ಮಗುವಿಗೆ ಜನನ ಪ್ರಮಾಣಪತ್ರ, ಶಾಲೆಯ ರಜೆ ಪತ್ರ ಇಟ್ಟುಕೊಳ್ಳಿ. ಅಪ್ಪ-ಅಮ್ಮ ಇಬ್ಬರಲ್ಲಿ ಒಬ್ಬರು ಹೋಗದಿದ್ದರೆ ಅವರ ಒಪ್ಪಿಗೆ ಪತ್ರವೂ ಬೇಕು.

ಮನೆ ಹಿಡಿಯುವಾಗ ಕೇಳಬೇಕಾದ ಪ್ರಶ್ನೆ

ಲಿಫ್ಟ್ ಇದೆಯಾ ಎಂದು ಎಲ್ಲರೂ ಕೇಳುತ್ತಾರೆ. ನಾವೂ ಕೇಳಿದ್ದೆವು. ಇದೆ ಅಂದರು. ರೋಮ್‌ನಲ್ಲಿ ಸೂಟ್‌ಕೇಸ್ ಎಳೆದುಕೊಂಡು ಹೋದರೆ, ಬಾಗಿಲಿನಿಂದ ಹದಿನೆಂಟು ಮೆಟ್ಟಿಲು ಹತ್ತಿದ ಮೇಲೆ ಲಿಫ್ಟ್ ಶುರು! ಹಳೆಯ ಕಟ್ಟಡಗಳಲ್ಲಿ ಇದು ಮಾಮೂಲು. ಆದ್ದರಿಂದ 'ಬೀದಿಯಿಂದ ಲಿಫ್ಟ್‌ವರೆಗೆ ಎಷ್ಟು ಮೆಟ್ಟಿಲು?' ಎಂದು ಕೇಳಿ. ವೆನಿಸ್‌ನಲ್ಲಾದರೆ 'ದೋಣಿ ನಿಲ್ದಾಣದಿಂದ ನಿಮ್ಮಲ್ಲಿಗೆ ಎಷ್ಟು ಸೇತುವೆ?' ಎಂದು ಕೇಳಿ. ಸೊನ್ನೆ ಅಂದವರ ಹತ್ತಿರ ರೂಮು ಹಿಡಿಯಿರಿ, ಹತ್ತು ಯೂರೋ ಜಾಸ್ತಿ ಆದರೂ ಪರವಾಗಿಲ್ಲ.

ಅಮ್ಮನಂಥವರು ಜೊತೆಗಿದ್ದರೆ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಒಳ್ಳೆಯದು. ಊರಿನ ಪ್ರವಾಸಿ ತೆರಿಗೆ ಎಂದು ತಲೆಗೆ, ರಾತ್ರಿಗೆ ಇಷ್ಟು ಅಂತ ಕೇಳುತ್ತಾರೆ. ಅದು ಮೋಸ ಅಲ್ಲ, ನಿಜವಾದ ತೆರಿಗೆಯೇ. ಚಿಲ್ಲರೆ ನಗದು ಇಟ್ಟುಕೊಳ್ಳಿ.

ಬಚ್ಚಲುಮನೆಯ ಬಗ್ಗೆ ಒಂದು ಒಳ್ಳೆಯ ಸುದ್ದಿ. ಯುರೋಪಿನಲ್ಲಿ ಬರೀ ಕಾಗದ ಎಂದು ಹೆದರಿಕೊಂಡು ಹೋಗಿದ್ದೆವು. ಇಟಲಿಯಲ್ಲಿ ಪ್ರತಿ ಮನೆಯ ಒಂದು ಬಚ್ಚಲಿನಲ್ಲಾದರೂ ತೊಳೆದುಕೊಳ್ಳುವ ಬಿದೆ ತೊಟ್ಟಿ ಇರಲೇಬೇಕು ಎಂದು 1975ರಲ್ಲೇ ನಿಯಮ ಬಂದಿದೆ. "ಇದೇನೋ ಕಾಲು ತೊಳ್ಕೊಳಕ್ಕಾ?" ಅಂದರು ಅಮ್ಮ. ಹೇಳಿದ ಮೇಲೆ ಇಟಲಿಯವರ ಮೇಲೆ ಅವರಿಗಿದ್ದ ಗೌರವ ದುಪ್ಪಟ್ಟಾಯಿತು. ಆದರೂ ಒಂದು ಪ್ಲಾಸ್ಟಿಕ್ ಚೊಂಬು ಒಯ್ಯಿರಿ.

ಮೊದಲೇ ಬುಕ್ ಮಾಡಬೇಕಾದವು

ಕೊಲೋಸಿಯಂ, ವ್ಯಾಟಿಕನ್ ಮ್ಯೂಸಿಯಂ, ಉಫಿತ್ಸಿ, ಅಕಾದೆಮಿಯಾ. ಈ ನಾಲ್ಕನ್ನು ಆಯಾ ಅಧಿಕೃತ ವೆಬ್‌ಸೈಟಿನಲ್ಲೇ ಕೊಳ್ಳಿ. ಹುಡುಕಿದಾಗ ಮೇಲೆ ಕಾಣುವ ಬಹಳಷ್ಟು ಜಾಹೀರಾತುಗಳು ದಲ್ಲಾಳಿಗಳದ್ದು, ಬೆಲೆ ದುಪ್ಪಟ್ಟು. ಕೊಲೋಸಿಯಂ ಟಿಕೆಟ್ಟು ಸುಮಾರು ಒಂದು ತಿಂಗಳು ಮುಂಚೆ ಬಿಡುಗಡೆಯಾಗುತ್ತದೆ, ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಬೇಕು. ಸರ್ಕಾರಿ ಮ್ಯೂಸಿಯಂಗಳಲ್ಲಿ 18 ಆಗದ ಮಕ್ಕಳಿಗೆ, ಯಾವ ದೇಶದವರಾದರೂ, ಉಚಿತ. ಆದರೆ ಅವರ ಹೆಸರಿನಲ್ಲೂ ಸೊನ್ನೆ ಬೆಲೆಯ ಟಿಕೆಟ್ ತೆಗೆದಿಡಬೇಕು. ವ್ಯಾಟಿಕನ್ ಬೇರೆ ದೇಶ ಅಲ್ವಾ, ಅಲ್ಲಿ ಈ ನಿಯಮ ಇಲ್ಲ.

ರೋಮ್

ಫಿಯುಮಿಚೀನೊ ವಿಮಾನ ನಿಲ್ದಾಣದಿಂದ ಊರಿಗೆ ಲಿಯೊನಾರ್ಡೊ ಎಕ್ಸ್‌ಪ್ರೆಸ್ ರೈಲಿದೆ, ಒಬ್ಬರಿಗೆ 14 ಯೂರೋ, ಅರ್ಧ ಗಂಟೆ. ನಮಗೆ ಮೂವರಿಗೆ 42 ಆಗುತ್ತಿತ್ತು, ಮಗನಿಗೆ ಉಚಿತ. ಹಳೇ ಕೋಟೆ ಗೋಡೆಯ ಒಳಗಿನ ಭಾಗಕ್ಕೆ ಬಿಳಿ ಟ್ಯಾಕ್ಸಿಯ ನಿಗದಿತ ದರ 55. ಹದಿಮೂರು ಯೂರೋ ಉಳಿಸಲು ಹೋಗಿ ಆ ರೈಲು ನಿಲ್ಲುವ ತೆರ್ಮಿನಿ ನಿಲ್ದಾಣದಲ್ಲಿ ಅಮ್ಮನನ್ನೂ ನಾಲ್ಕು ಸೂಟ್‌ಕೇಸನ್ನೂ ಎಳೆದಾಡಬೇಡಿ. ಟ್ಯಾಕ್ಸಿ ಸಾಲಿನಲ್ಲೇ ಹತ್ತಿ, ಹತ್ತುವ ಮುಂಚೆ ದರ ಹೇಳಿಸಿಕೊಳ್ಳಿ. ಕೈಹಿಡಿದು ಕರೆಯುವವರ ಹಿಂದೆ ಹೋಗಬೇಡಿ.

ಗುರುವಾರ ಬೆಳಿಗ್ಗೆ ಕೊಲೋಸಿಯಂ. ಗ್ಲಾಡಿಯೇಟರ್ ಕಾಳಗದ ಈ ಅಖಾಡವನ್ನು ಚಕ್ರವರ್ತಿ ವೆಸ್ಪಾಸಿಯನ್ ಶುರು ಮಾಡಿಸಿ, ಮಗ ಟೈಟಸ್ ಕ್ರಿ.ಶ. 80ರಲ್ಲಿ ಉದ್ಘಾಟಿಸಿದ್ದು. ಒಳಗೆ ಲಿಫ್ಟ್ ಇದೆ, ಕೇಳಿದರೆ ತೋರಿಸುತ್ತಾರೆ. ಅದೇ ಟಿಕೆಟ್ಟಿನಲ್ಲಿ ಪಕ್ಕದ ಫೋರಂ, ಅಂದರೆ ಹಳೇ ರೋಮಿನ ಮುಖ್ಯ ಚೌಕದ ಅವಶೇಷ ಕೂಡ ನೋಡಬಹುದು, ಆದರೆ ಅಲ್ಲಿ ನೆರಳು ಕಡಿಮೆ, ಕಲ್ಲು ಜಾಸ್ತಿ. ನಾವು ಅಮ್ಮನನ್ನು ಒಂದು ಬೆಂಚಿನಲ್ಲಿ ಕೂರಿಸಿ, ಸರದಿಯಲ್ಲಿ ಹೋಗಿ ಬಂದೆವು. ಹೊರಗೆ ಗ್ಲಾಡಿಯೇಟರ್ ವೇಷದವರು ಫೋಟೋಗೆ ಕರೆಯುತ್ತಾರೆ. ಫೋಟೋ ಆದ ಮೇಲೆ ದುಡ್ಡು ಕೇಳುತ್ತಾರೆ.

ನೀರಿನ ಬಾಟಲಿ ಕೊಳ್ಳಲೇಬೇಡಿ. ರೋಮ್ ತುಂಬ 'ನಸೋನೆ' ಎಂಬ ಎರಕದ ನಲ್ಲಿಗಳಿವೆ, ಅಂದರೆ ದೊಡ್ಡ ಮೂಗು. ನೀರು ಹಗಲು ರಾತ್ರಿ ಹರಿಯುತ್ತದೆ, ತಣ್ಣಗೆ, ಕುಡಿಯಲು ಚೆನ್ನಾಗಿದೆ. ನಲ್ಲಿಯ ಬಾಯಿಯನ್ನು ಬೆರಳಿನಿಂದ ಮುಚ್ಚಿದರೆ ಮೇಲಿನ ತೂತಿನಿಂದ ಕಾರಂಜಿಯಂತೆ ಚಿಮ್ಮುತ್ತದೆ. ನನ್ನ ಮಗನಿಗೆ ರೋಮ್ ಅಂದರೆ ಇವತ್ತಿಗೂ ಅದೇ.

ಫೋರಂ ಪಕ್ಕದ ಗುಡ್ಡದ ಮೇಲೆ ಸಾಂತಾ ಮರಿಯಾ ಇನ್ ಅರಾಚೇಲಿ ಎಂಬ ಚರ್ಚಿದೆ. ಪ್ರವಾಸಿಗಳು ಅಷ್ಟಾಗಿ ಹತ್ತುವುದಿಲ್ಲ, ಮುಂದಿನ ಮೆಟ್ಟಿಲು 124. ಕನ್ನಡದವರು ಮಾತ್ರ ಹೋಗಬೇಕು. ರೋಮಿನವನೇ ಆದ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ನಮ್ಮ ಇಕ್ಕೇರಿಗೆ ಬಂದಿದ್ದ, ಕೆಳದಿಯ ವೆಂಕಟಪ್ಪ ನಾಯಕನ ಕಾಲದಲ್ಲಿ. ದಾರಿಯಲ್ಲಿ ಒಂದು ಗುಡಿಯ ಜಗುಲಿ ಮೇಲೆ ಹುಡುಗರು ಮರಳಿನಲ್ಲಿ ಬೆರಳಾಡಿಸಿ, ರಾಗವಾಗಿ ಹೇಳಿಕೊಂಡು ಲೆಕ್ಕ ಕಲಿಯುವುದನ್ನು ಕಂಡು ಊರಿಗೆ ಪತ್ರ ಬರೆದ. ಪರ್ಷಿಯಾದಲ್ಲಿ ತೀರಿಕೊಂಡ ಹೆಂಡತಿ ಮಾನಿಯ ದೇಹವನ್ನು ವರ್ಷಗಟ್ಟಲೆ ಜೊತೆಯಲ್ಲೇ ಸಾಗಿಸಿ ತಂದು ಈ ಚರ್ಚಿನಲ್ಲಿ ಮಣ್ಣು ಮಾಡಿದ. ಕೊನೆಗೆ ಅವನೂ ಇಲ್ಲೇ ಮಲಗಿದ. ಸಾಗರದ ಕಡೆಯವರಾದ ನಮ್ಮ ಅಮ್ಮ ಈ ಕಥೆ ಕೇಳಿ ನಾನೂ ಬರ್ತೀನಿ ಅಂದರು. ಅಂಥವರಿಗೆ ಪಕ್ಕದಲ್ಲಿ ಮೈಕೆಲ್ಯಾಂಜೆಲೊ ರೂಪಿಸಿದ ಇಳಿಜಾರಿನ ದಾರಿ ಇದೆ. ಮೇಲಿನ ಚೌಕಕ್ಕೆ ಹೋದರೆ ಚರ್ಚಿನ ಪಕ್ಕದ ಬಾಗಿಲು ಸಿಗುತ್ತದೆ. ಅಲ್ಲೂ ಕೆಲವು ಮೆಟ್ಟಿಲಿವೆ, ಆದರೆ 124 ಇಲ್ಲ.

ಶುಕ್ರವಾರ ವ್ಯಾಟಿಕನ್. ಭುಜ, ಮೊಣಕಾಲು ಮುಚ್ಚಿರಬೇಕು. ಸೀರೆಗೆ ಯಾವ ತಕರಾರೂ ಇಲ್ಲ. ಚಡ್ಡಿ ಹಾಕಿಕೊಂಡ ದೊಡ್ಡವರನ್ನು ವಾಪಸ್ ಕಳಿಸಿದ್ದನ್ನು ನೋಡಿದೆವು. ಮ್ಯೂಸಿಯಂ ಬಹಳ ಉದ್ದ, ಕೊನೆಯಲ್ಲಿ ಸಿಸ್ಟೀನ್ ಚಾಪೆಲ್ ಎಂಬ ಪ್ರಾರ್ಥನಾ ಮಂದಿರ. ಅದರ ಚಾವಣಿಯ ಚಿತ್ರಗಳನ್ನು ಮೈಕೆಲ್ಯಾಂಜೆಲೊ 1508ರಿಂದ 1512ರವರೆಗೆ ಬರೆದ. ಒಳಗೆ ಫೋಟೋ ತೆಗೆಯುವಂತಿಲ್ಲ, ಮಾತೂ ಆಡುವಂತಿಲ್ಲ. ಗೋಡೆ ಬದಿಯಲ್ಲಿ ಕೂರಲು ಜಾಗ ಸಿಕ್ಕರೆ ತಕ್ಷಣ ಕೂತುಬಿಡಿ, ನಿಂತು ನೋಡಿದರೆ ಕತ್ತು ಹಿಡಿದುಕೊಳ್ಳುತ್ತದೆ. ಸೇಂಟ್ ಪೀಟರ್ಸ್‌ಗೆ ಪ್ರವೇಶ ಉಚಿತ. ಗುಮ್ಮಟ ಹತ್ತುವವರಿಗೆ ಲಿಫ್ಟ್ ಇದೆ, ಆದರೆ ಅದು ಮಹಡಿವರೆಗೆ ಮಾತ್ರ. ಆಮೇಲೆ 320 ಮೆಟ್ಟಿಲು, ಕೊನೆಕೊನೆಗೆ ಗೋಡೆಯೇ ಓರೆಯಾಗಿ ಮೈಗೆ ತಾಗುವಷ್ಟು ಇಕ್ಕಟ್ಟು.

ಶನಿವಾರಕ್ಕೆ ಪ್ಯಾಂಥಿಯಾನ್ ಎಂಬ ಹಳೇ ರೋಮನ್ ಗುಡಿ ಒಂದೇ ಸಾಕು. ಟಿಕೆಟ್ 5 ಯೂರೋ, ಮೆಟ್ಟಿಲಿಲ್ಲ. ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ, ಸುಮಾರು ಕ್ರಿ.ಶ. 126ರಲ್ಲಿ ಮುಗಿದ ಕಟ್ಟಡ. ಗುಮ್ಮಟದ ಅಗಲ 43.3 ಮೀಟರ್, ನೆಲದಿಂದ ತುದಿಗೂ ಅಷ್ಟೇ. ವಿಜಯಪುರದ ಗೋಳಗುಮ್ಮಟದ ಒಳ ಅಗಲ ಸುಮಾರು 38. ನೆತ್ತಿಯಲ್ಲಿ ಒಂದು ದೊಡ್ಡ ತೂತಿದೆ, ಮಳೆ ಬಂದರೆ ನೇರ ಒಳಗೇ ಬೀಳುತ್ತದೆ, ನೀರು ಇಳಿಯಲು ನೆಲದ ಕಲ್ಲಿನಲ್ಲಿ ಸಣ್ಣ ರಂಧ್ರಗಳಿವೆ. ಅಲ್ಲಿಂದ ನಡೆದು ಹೋದರೆ ಟ್ರೆವಿ ಕಾರಂಜಿ. ಎಸೆದ ನಾಣ್ಯಗಳು ಬಡವರಿಗೆ ನೆರವಾಗುವ ಕ್ಯಾಥೊಲಿಕ್ ಸಂಸ್ಥೆಗೆ ಹೋಗುತ್ತವೆ, ಹಾಗಾಗಿ ಮಗು ಎರಡು ಎಸೆದರೂ ಬಯ್ಯಬೇಡಿ. ಜೇಬಿನ ಮೇಲೆ ಮಾತ್ರ ಕೈ ಇರಲಿ. ಇಲ್ಲಿ, ತೆರ್ಮಿನಿಯಲ್ಲಿ, ಮೆಟ್ರೋದಲ್ಲಿ ಜೇಬುಗಳ್ಳರು ಇದ್ದಾರೆ.

ರೈಲು

ಊರಿಂದ ಊರಿಗೆ ಕಾರು ಬೇಡ. ಹಳೇ ಊರುಗಳ ನಡುಭಾಗಕ್ಕೆ ಹೊರಗಿನ ವಾಹನ ನಿಷೇಧ. ಗೊತ್ತಿಲ್ಲದೆ ನುಗ್ಗಿದರೆ ಕ್ಯಾಮೆರಾ ಹಿಡಿಯುತ್ತದೆ, ತಿಂಗಳುಗಳ ನಂತರ ಮನೆಗೆ ದಂಡದ ಚೀಟಿ ಬರುತ್ತದೆ. ವೇಗದ ರೈಲಿನಲ್ಲಿ ರೋಮ್‌ನಿಂದ ಫ್ಲಾರೆನ್ಸ್ ಒಂದೂವರೆ ಗಂಟೆ, ಅಲ್ಲಿಂದ ವೆನಿಸ್ ಎರಡೂಕಾಲು. ಬೇಗ ಕೊಂಡಷ್ಟೂ ಅಗ್ಗ.

ವೇಗದ ರೈಲಿನ ಟಿಕೆಟ್ಟಿನಲ್ಲಿ ಸೀಟು, ಸಮಯ ನಿಗದಿಯಾಗಿರುತ್ತದೆ, ಹಾಗಾಗಿ ಮುದ್ರೆ ಬೇಕಿಲ್ಲ. ಪೀಸಾಗೆ ಹೋಗುವಂಥ ಪ್ಯಾಸೆಂಜರ್ ರೈಲಿನ ಕಾಗದದ ಟಿಕೆಟ್ಟನ್ನು ಹತ್ತುವ ಮುಂಚೆ ಪ್ಲಾಟ್‌ಫಾರಂನ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಬೇಕು. ನಾನು ಮರೆತೆ. ಟಿಕೆಟ್ ಕೈಯಲ್ಲೇ ಇದ್ದರೂ ದಂಡ ಕಟ್ಟಿದೆ. ಆ ದುಡ್ಡಿಗೆ ಎಷ್ಟು ಐಸ್‌ಕ್ರೀಂ ಬರುತ್ತಿತ್ತು ಎಂದು ಮಗ ಇಡೀ ದಿನ ಲೆಕ್ಕ ಹೇಳಿದ. ಇನ್ನೊಂದು, 'ಶೋಪೆರೊ' ಎಂಬ ಪದ ಕಲಿತುಕೊಳ್ಳಿ. ಮುಷ್ಕರ ಅಂತ. ದಿನಾಂಕ ಮೊದಲೇ ಪ್ರಕಟವಾಗುತ್ತದೆ, ಹೊರಡುವ ಹಿಂದಿನ ವಾರ ಒಮ್ಮೆ ನೋಡಿ.

ಫ್ಲಾರೆನ್ಸ್ ಮತ್ತು ಪೀಸಾ

ಪೀಸಾಗೆ ಸುಮಾರು ಒಂದು ಗಂಟೆ. ದೊಡ್ಡ ನಿಲ್ದಾಣದಲ್ಲಿ ಇಳಿಯುವ ಬದಲು ಪೀಸಾ ಸಾನ್ ರೊಸ್ಸೋರೆಗೆ ಹೋದರೆ ನಡಿಗೆ ಅರ್ಧ ಕಡಿಮೆ. ವಾಲುಗೋಪುರ ಕಟ್ಟಲು ಶುರುವಾಗಿದ್ದು 1173ರಲ್ಲಿ, ಮುಗಿದದ್ದು 1372ರಲ್ಲಿ. ಬೀಳುವ ಭಯದಿಂದ 1990ರಿಂದ 2001ರವರೆಗೆ ಮುಚ್ಚಿ, ಬುಡದ ಮಣ್ಣು ತೆಗೆದು ಸ್ವಲ್ಪ ನೆಟ್ಟಗೆ ಮಾಡಿದರು. 8 ವರ್ಷ ಆಗದ ಮಕ್ಕಳನ್ನು ಮೇಲೆ ಬಿಡುವುದಿಲ್ಲ, ಇದನ್ನು ಮಗುವಿಗೆ ಬೆಂಗಳೂರಿನಲ್ಲೇ ಹೇಳಿ. ನಾವು ಅಲ್ಲಿ ಹೇಳಿದೆವು, ಹುಲ್ಲಿನ ಮೇಲೆ ದೊಡ್ಡ ರಂಪ ಆಯಿತು. ಸಮಾಧಾನ ಮಾಡಿದ್ದು 'ಚೆಚೀನಾ'. ಕಡಲೆಹಿಟ್ಟು, ನೀರು, ಎಣ್ಣೆ ಸೇರಿಸಿ ದೊಡ್ಡ ತಟ್ಟೆಯಲ್ಲಿ ಬೇಯಿಸುವ ಒಂಥರಾ ದಪ್ಪ ದೋಸೆ. ಅಮ್ಮನಿಗೆ ಇಡೀ ಇಟಲಿಯಲ್ಲಿ ಅರ್ಥವಾದ ಮೊದಲ ತಿಂಡಿ ಅದು.

ಮಂಗಳವಾರ ಬೆಳಿಗ್ಗೆ ಅಕಾದೆಮಿಯಾದಲ್ಲಿ ಮೈಕೆಲ್ಯಾಂಜೆಲೊ ಕೆತ್ತಿದ ಡೇವಿಡ್ ಮೂರ್ತಿ. ಐದು ಮೀಟರಿಗೂ ಎತ್ತರದ ಒಂದೇ ಅಮೃತಶಿಲೆ. ಮಧ್ಯಾಹ್ನದ ನಂತರ ಉಫಿತ್ಸಿ, ಲಿಫ್ಟ್ ಇದೆ. ಎಲ್ಲ ಕೋಣೆ ನೋಡುತ್ತೇನೆ ಅಂತ ಹಟ ಹಿಡಿಯಬೇಡಿ, ಬೊತ್ತಿಚೆಲ್ಲಿಯ ಎರಡು ದೊಡ್ಡ ಚಿತ್ರ ನೋಡಿ ಹೊರಗೆ ಬಂದರೂ ನಷ್ಟವಿಲ್ಲ. ಬ್ರುನೆಲ್ಲೆಸ್ಕಿ 1420ರಿಂದ 1436ರವರೆಗೆ ಕಟ್ಟಿದ ಗುಮ್ಮಟಕ್ಕೆ ಲಿಫ್ಟ್ ಇಲ್ಲ. ಅದನ್ನು ಹತ್ತುವುದಕ್ಕಿಂತ ದೂರದಿಂದ ನೋಡುವುದೇ ಚೆಂದ ಎಂಬುದು ನನ್ನ ಮಾತು. ಸಂಜೆ ಬಸ್ಸಿನಲ್ಲಿ ಪಿಯಾತ್ಸಾಲೆ ಮಿಕೆಲಾಂಜೆಲೊಗೆ ಹೋಗಿ, ಇಡೀ ಊರು ಕಾಲ ಕೆಳಗೆ. ಬರುತ್ತಾ ಪೊಂತೆ ವೆಕ್ಕಿಯೊ ಸೇತುವೆ. ಮೊದಲು ಅಲ್ಲಿ ಕಸಾಯಿ ಅಂಗಡಿಗಳಿದ್ದವು, 1593ರಲ್ಲಿ ಊರನ್ನು ಆಳುತ್ತಿದ್ದ ಮೆದಿಚಿ ಮನೆತನದ ದೊರೆ ಅವರನ್ನು ಎಬ್ಬಿಸಿ ಅಕ್ಕಸಾಲಿಗರಿಗೆ ಕೊಟ್ಟ. ಈಗಲೂ ಚಿನ್ನದ ಅಂಗಡಿಗಳೇ.

ಹೊಟ್ಟೆಯ ವಿಷಯ

ಹೆಚ್ಚಿನ ಹೋಟೆಲುಗಳ ಅಡುಗೆಮನೆ ಮಧ್ಯಾಹ್ನ ಎರಡೂವರೆ ಮೂರಕ್ಕೆ ಮುಚ್ಚಿದರೆ ತೆರೆಯುವುದು ರಾತ್ರಿ ಏಳರ ಮೇಲೆ. ಮಕ್ಕಳಿಗೆ ಹಸಿವಾಗುವುದು ಸರಿಯಾಗಿ ಐದೂವರೆಗೆ. ಆಗ ಕೈಹಿಡಿಯುವುದು ತುಂಡು ಕತ್ತರಿಸಿ ತೂಕಕ್ಕೆ ಮಾರುವ ಪಿಜ್ಜಾ ಅಂಗಡಿ.

ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ, ಎಚ್ಚರ ಮಾತ್ರ ಬೇಕು. 'ಸೆಂತ್ಸಾ ಕಾರ್ನೆ' ಅಂದರೆ ಮಾಂಸ ಇಲ್ಲದ್ದು, 'ಸೆಂತ್ಸಾ ಪೆಶ್ಶೆ' ಅಂದರೆ ಮೀನು ಇಲ್ಲದ್ದು. ಮರಿನಾರಾ ಪಿಜ್ಜಾ ಹೆಸರು ಕೇಳಿ ಹೆದರಬೇಡಿ, ಅದರಲ್ಲಿ ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ ಅಷ್ಟೇ, ಚೀಸ್ ಕೂಡ ಇಲ್ಲ. ಖಾರ ಬೇಕಾದವರಿಗೆ ಅರ್ರಾಬ್ಬಿಯಾತಾ ಪಾಸ್ತಾ. ರೋಮ್‌ನ 'ಸುಪ್ಲಿ' ನೋಡಲು ನಮ್ಮ ಬೋಂಡಾ ಥರ, ಒಳಗೆ ಸಾಮಾನ್ಯವಾಗಿ ಮಾಂಸದ ಸಾರಿನಲ್ಲಿ ಬೆಂದ ಅನ್ನ. ರಿಸೊತ್ತೊ, ಸೂಪುಗಳಲ್ಲೂ ಮಾಂಸದ ರಸ ಇರಬಹುದು, ಕೇಳಿ. ಪಾರ್ಮೆಸಾನ್ ಚೀಸ್ ಮಾಡುವಾಗ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ. ಮೊಟ್ಟೆ ತಿನ್ನದವರು ತಾಜಾ ಪಾಸ್ತಾ ಬಿಟ್ಟು ಒಣ ಪಾಸ್ತಾ ಕೇಳಿ. ತಿರಮಿಸು ಬೇಡ, ಅದರಲ್ಲಿ ಹಸಿ ಮೊಟ್ಟೆ, ಎಷ್ಟೋ ಕಡೆ ಮದ್ಯವೂ ಇರುತ್ತದೆ.

ಬರೀ 'ಲಾತ್ತೆ' ಅಂದರೆ ಒಂದು ಲೋಟ ಹಾಲು ತಂದಿಡುತ್ತಾರೆ. ಕಾಫಿಯನ್ನು ಕೌಂಟರಿನಲ್ಲಿ ನಿಂತು ಕುಡಿದರೆ ಒಂದು ಬೆಲೆ, ಕೂತರೆ ಇನ್ನೊಂದು, ನಮ್ಮ ದರ್ಶಿನಿಗಳ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬಿಲ್ಲಿನಲ್ಲಿ 'ಕೊಪೆರ್ತೊ' ಎಂದು ತಲೆಗೆ ಒಂದೆರಡು ಯೂರೋ ಸೇರಿರುತ್ತದೆ, ಟೇಬಲ್ಲಿನ ಬಾಬ್ತು. ಜಗಳ ಬೇಡ.

ಮನೆಯಿಂದ ಅವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿ ತನ್ನಿ. ತುಪ್ಪ, ಪೇಡಾ ಬೇಡ, ಹಾಲಿನ ಮತ್ತು ಮಾಂಸದ ಪದಾರ್ಥ ಹೊರಗಿನಿಂದ ತರುವಂತಿಲ್ಲ. ಸೂಪರ್ ಮಾರ್ಕೆಟ್ಟಿನಲ್ಲಿ ಸಕ್ಕರೆ ಹಾಕದ 'ಯೋಗುರ್ತ್ ಬಿಯಾಂಕೊ' ಸಿಗುತ್ತದೆ, ಅಕ್ಕಿಯೂ ಸಿಗುತ್ತದೆ. ಮೂರನೇ ರಾತ್ರಿ ಮೊಸರನ್ನ ಕಲಸಿದಾಗ ನಮ್ಮ ನಾಲ್ವರ ಮುಖವೂ ಬದಲಾಯಿತು.

ವೆನಿಸ್

ರೈಲಿನಲ್ಲಿ ಮೊದಲು ಬರುವುದು ವೆನೆತ್ಸಿಯಾ ಮೆಸ್ತ್ರೆ. ಅಲ್ಲಿ ಇಳಿಯಬೇಡಿ, ಅದು ನೆಲದ ಮೇಲಿನ ಊರು. ನೀರಿನ ಸೇತುವೆ ದಾಟಿ ಕೊನೆಯ ನಿಲ್ದಾಣ ಸಾಂತಾ ಲೂಚಿಯಾದಲ್ಲಿ ಇಳಿಯಿರಿ. ಬಾಗಿಲು ದಾಟಿದರೆ ಎದುರಿಗೇ ಗ್ರ್ಯಾಂಡ್ ಕೆನಾಲ್, ರಸ್ತೆ ಇರಬೇಕಾದ ಜಾಗದಲ್ಲಿ ನೀರು. ಅಮ್ಮ ಐದು ನಿಮಿಷ ಮಾತೇ ಆಡಲಿಲ್ಲ.

ಏಪ್ರಿಲ್‌ನಿಂದ ಜುಲೈವರೆಗೆ ಕೆಲವು ದಿನ ಬೆಳಿಗ್ಗೆ ಬಂದು ಸಂಜೆ ಹೋಗುವವರಿಗೆ ಪ್ರವೇಶ ಶುಲ್ಕ ಇದೆ. ರಾತ್ರಿ ತಂಗುವವರಿಗೆ ವಿನಾಯಿತಿ, ಆದರೆ ಆನ್‌ಲೈನಿನಲ್ಲಿ ನೋಂದಾಯಿಸಬೇಕು. ಓಡಾಟಕ್ಕೆ ವಪೊರೆತ್ತೊ ದೋಣಿ. 75 ನಿಮಿಷದ ಒಂದು ಟಿಕೆಟ್ 9.50 ಯೂರೋ, 72 ಗಂಟೆಯ ಪಾಸ್ 45, ಹಾಗಾಗಿ ಪಾಸೇ ಲೇಸು. 6ರಿಂದ 29 ವರ್ಷದವರಿಗೆ ರೋಲಿಂಗ್ ವೆನಿಸ್ ಕಾರ್ಡಿನಲ್ಲಿ ಇದು ಇನ್ನೂ ಅಗ್ಗ. ಮೊದಲ ಸಂಜೆ 1ನೇ ನಂಬರಿನ ದೋಣಿ ಹತ್ತಿ ಸುಮ್ನೆ ಕೂತುಬಿಡಿ. ಮುಕ್ಕಾಲು ಗಂಟೆಯಲ್ಲಿ ಎಲ್ಲ ಅರಮನೆಗಳ ಮುಂದೆ ನಿಧಾನವಾಗಿ ಸಾಗಿ ಊರಿನ ಮುಖ್ಯ ಚೌಕ ಸಾನ್ ಮಾರ್ಕೊಗೆ ತಲುಪಿಸುತ್ತದೆ. ಮೊಣಕಾಲಿಗೆ ಇದಕ್ಕಿಂತ ಒಳ್ಳೆಯ ದರ್ಶನ ಇಲ್ಲ.

ಗೊಂಡೋಲಾಗೆ ಹಗಲು ಅರ್ಧ ಗಂಟೆಗೆ 90 ಯೂರೋ, ಸಂಜೆ 7ರ ಮೇಲೆ 110. ಇದು ಇಡೀ ದೋಣಿಗೆ, ತಲೆಗೆ ಅಲ್ಲ. ಅಷ್ಟು ಬೇಡ ಅಂದರೆ 'ತ್ರಾಗೆತ್ತೊ' ಎಂಬ ದಾಟುದೋಣಿ ಇದೆ, ಎರಡು ಯೂರೋಗೆ ಕಾಲುವೆ ದಾಟಿಸುತ್ತಾರೆ. ಎರಡು ನಿಮಿಷ ಅಷ್ಟೇ, ಆದರೆ ಹುಟ್ಟು ಹಾಕುವವರು ಅದೇ ಗೊಂಡೋಲಾದವರೇ.

ಮಾರನೆಯ ದಿನ 12ನೇ ದೋಣಿಯಲ್ಲಿ ಮುರಾನೊ, ಬುರಾನೊ. ಬೆಂಕಿ ಅನಾಹುತದ ಹೆದರಿಕೆಯಿಂದ 1291ರಲ್ಲಿ ಗಾಜಿನ ಕುಲುಮೆಗಳನ್ನೆಲ್ಲ ಮುರಾನೊಗೆ ಸಾಗಿಸಿದ್ದರು, ಇವತ್ತಿಗೂ ಊದಿ ಗಾಜು ಮಾಡುವುದನ್ನು ನೋಡಬಹುದು. ಬುರಾನೊ ಬಣ್ಣದ ಮನೆಗಳ ಊರು, ಸೇತುವೆ ಕಡಿಮೆ, ಮಕ್ಕಳು ಓಡಾಡಬಹುದು. ಸಾನ್ ಮಾರ್ಕೊ ಚೌಕದಲ್ಲಿ ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚಬೇಡಿ, ದಂಡ. ಪಾರಿವಾಳಕ್ಕೆ ಕಾಳು ಹಾಕಿದರೂ ದಂಡ. ಅಮ್ಮ ಚೀಲದಿಂದ ಅವಲಕ್ಕಿ ತೆಗೆಯುವಷ್ಟರಲ್ಲಿ ಹೆಂಡತಿ ಕೈ ಹಿಡಿದಳು, ಬಚಾವಾದೆವು.

ಶನಿವಾರ ವಿಮಾನ ನಿಲ್ದಾಣಕ್ಕೆ ಹೋಗಲು ಎರಡು ದಾರಿ. ಒಂದು ವಿಮಾನ ನಿಲ್ದಾಣದ ದೋಣಿ, ಇನ್ನೊಂದು ಪಿಯಾತ್ಸಾಲೆ ರೋಮಾದಿಂದ ಬಸ್. ದೋಣಿಯ ಪಾಸ್ ಎರಡಕ್ಕೂ ನಡೆಯುವುದಿಲ್ಲ, ಬೇರೆ ಟಿಕೆಟ್ ತೆಗೆಯಬೇಕು. ನಾವು ಬಸ್ ಹಿಡಿದೆವು. ನಿಲ್ದಾಣದ ಹತ್ತಿರವೇ ರೂಮಿದ್ದರೂ ಬಸ್ ಸ್ಟ್ಯಾಂಡಿಗೆ ಒಂದು ಸೇತುವೆ ದಾಟಲೇಬೇಕಿತ್ತು. ನಾನು ನಾಲ್ಕು ಸೂಟ್‌ಕೇಸಿಗೆ ನಾಲ್ಕು ಸಲ ಹತ್ತಿ ಇಳಿದೆ. ಅಮ್ಮ ಆಗಲೇ ಆಚೆ ದಡದಲ್ಲಿ ಕೂತು, ವಪೊರೆತ್ತೊ ಒಂದೇ ಸ್ಟಾಪಿನಲ್ಲಿ ದಾಟಿಸುತ್ತದೆ, ಪಾಸ್ ಇನ್ನೂ ಎರಡು ಗಂಟೆ ನಡೆಯುತ್ತದೆ ಎಂದು ಮೊಮ್ಮಗನಿಗೆ ವಿವರಿಸುತ್ತಿದ್ದರು.